ದಿಬ್ಬದ ಮೇಲಿನ ಮನೆ

ಆ ಮಾತನ್ನು ಸೇತುರಾಮ ಆಡಬಾರದಿತ್ತು. ಬಾಪೂಜಿ ನಗರದ ರಾಜಕಾಲುವೆ ಬದಿಯ ಬೀದಿಯವರೆಲ್ಲ ಸೇರಿ ಸಭೆ ನಡೆಸಿದ್ದರು. ಈಗಿನ ಮಳೆ ಮೊದಲಿನಂತಿಲ್ಲ, ಹೇಳದೆ ಕೇಳದೆ ಸುರಿಯುತ್ತದೆ, ಮನೆಗಳಿಗೆ ನೀರು ನುಗ್ಗುವ ಮೊದಲೇ ಏನಾದರೂ ಮಾಡಬೇಕು ಎಂದು ಚರ್ಚೆ ನಡೆದಿದ್ದಾಗ ಇವನು ಎದ್ದು ನಿಂತು, "ನಮ್ಮನೆ ದಿಬ್ಬದ ಮೇಲಿದೆ ಬಿಡ್ರಿ, ಒಂದು ಹನಿ ನೀರು ಬರಲ್ಲ" ಎಂದುಬಿಟ್ಟ.

ಬೀದಿ ಸಮಿತಿಯ ಅಧ್ಯಕ್ಷ ಬೈರಯ್ಯ ಅದನ್ನೇ ಹಿಡಿದುಕೊಂಡರು. ನೆರೆ ಬಂದರೆ ಎಲ್ಲರ ಸಾಮಾನೂ ಸೇತುರಾಮನ ಮನೆಗೆ ಎಂದು ಅಲ್ಲೇ ತೀರ್ಮಾನವಾಯಿತು.

ಭಾನುವಾರ ಬೆಳಗ್ಗೆ ಮೋಡ ಕವಿಯಿತು. ಸೇತುರಾಮ ತಾರಸಿಯ ಮೇಲೆ ಹೊಸದಾಗಿ ಕಟ್ಟಿಸಿದ ಕೋಣೆಯ ಕಸ ಗುಡಿಸುತ್ತಿದ್ದ. ಸಂಜೆ ಕೃಷ್ಣಯ್ಯ ಮೇಷ್ಟ್ರು ಅದನ್ನು ಬಾಡಿಗೆಗೆ ನೋಡಲು ಬರುವವರಿದ್ದರು. ಆ ಬಾಡಿಗೆ ಬಂದರೆ ಮಗಳು ಕಾಲೇಜಿಗೆ ಸೇರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬೈರಯ್ಯನವರ ಮಂಚ ಬಂತು, ಬೀರು ಬಂತು. ಹಿಂದೆಯೇ ಅವರ ಪಕ್ಕದ ಮನೆಯ ಇಂದ್ರಮ್ಮನ ಹೊಲಿಗೆ ಮಿಷನ್ನು, ಅಕ್ಕಿ ಡ್ರಮ್ಮು.

"ಸಂಜೆ ಬಾಡಿಗೆಯವರು ಬರ್ತಾರೆ ಕಣ್ರೀ..."

"ಊರು ಮುಳುಗ್ತಾ ಇದೆ, ನಿಮಗೆ ಬಾಡಿಗೆ ಚಿಂತೆ!" ಎಂದು ಇಂದ್ರಮ್ಮ ಗದರಿದರು. ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಕೊನೆಗೆ, ಬಾಗಿಲುಗಳಿಗೆ ಅಡ್ಡ ಇಡಲೆಂದು ಸಮಿತಿ ತುಂಬಿಸಿದ್ದ ಮರಳಿನ ಮೂಟೆಗಳೂ ಮೇಲೆ ಬಂದವು.

"ಇವು ನೀರು ತಡೆಯೋಕೆ ತಾನೆ? ಕೆಳಗಿರ್ಬೇಕಲ್ವಾ?"

"ಕೆಳಗಿಟ್ರೆ ಕೊಚ್ಕೊಂಡು ಹೋಗಲ್ವೇನ್ರೀ?" ಎಂದ ಬೈರಯ್ಯ ಅವನ್ನು ತಾರಸಿಯ ಮೂಲೆಯಲ್ಲಿ ಒಪ್ಪವಾಗಿ ಪೇರಿಸಿದರು. ಮಳೆನೀರು ಇಳಿಯುವ ಕೊಳವೆ ಇದ್ದದ್ದು ಅದೇ ಮೂಲೆಯಲ್ಲಿ.

ಮಧ್ಯಾಹ್ನ ಮಳೆ ಧೋ ಎಂದು ಸುರಿಯಿತು. ಕಾಲುವೆ ಮರ್ಯಾದಸ್ಥರಂತೆ ತನ್ನ ಪಾಡಿಗೆ ಹರಿಯಿತು. ಕೆಳಗಿನ ಒಂದು ಮನೆಯ ಹೊಸ್ತಿಲೂ ನೆನೆಯಲಿಲ್ಲ. ಸೇತುರಾಮನ ತಾರಸಿ ಮಾತ್ರ ಕೆರೆಯಾಯಿತು. ನೀರು ಹೊಸ ಕೋಣೆಗೆ ನುಗ್ಗಿ, ಮೆಟ್ಟಿಲಿಳಿದು, ನಡುಮನೆ ಸೇರಿತು. ಅವನು ಮೂಟೆ ಸರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಒಂದು ಹನಿ ಬರಲ್ಲ ಅಂದ್ರಲ್ಲ!" ಎಂದು ಹೆಂಡತಿ ಅಂಬುಜಾ ಚೊಂಬಿನಲ್ಲಿ ನೀರು ಗೋರುತ್ತಾ ಹೇಳಿದಳು. ಸೇತುರಾಮನಿಗೆ ಅಳುವೊಂದು ಬಾಕಿ.

ಅಷ್ಟರಲ್ಲಿ ಕೃಷ್ಣಯ್ಯ ಮೇಷ್ಟ್ರು ಪಂಚೆ ಎತ್ತಿ ಹಿಡಿದು ಬಾಗಿಲಲ್ಲಿ ನಿಂತರು. "ದಿಬ್ಬದ ಮೇಲೇ ಹೀಗಾದ್ರೆ ಕೆಳಗಿನವರ ಗತಿ ಏನ್ರೀ?"

"ನಮ್ಮನೇಲಿ ಒಂದು ಹನಿ ಇಲ್ಲ ಸಾರ್, ಬಂದು ನೋಡಿ," ಎಂದು, ಸಾಮಾನು ವಿಚಾರಿಸಲು ಬಂದಿದ್ದ ಬೈರಯ್ಯ ಅವರನ್ನು ಕರೆದೊಯ್ದರು. ಬೈರಯ್ಯನವರ ಮುಂದಿನ ಕೋಣೆ ಒಂದಿಷ್ಟೂ ನೆನೆದಿರಲಿಲ್ಲ. ಸಾಮಾನೆಲ್ಲ ಸಾಗಿಸಿದ್ದರಿಂದ ಖಾಲಿಯೂ ಇತ್ತು. ಮೇಷ್ಟ್ರು ನಿಂತಲ್ಲೇ ಮುಂಗಡ ಕೊಟ್ಟರು.

ಬೈರಯ್ಯ ಮರಳಿ ಬಂದಾಗ ಸೇತುರಾಮ ಕೇಳಿದ, "ಮಂಚ, ಬೀರು ಈಗ್ಲೇ ತಗೊಂಡು ಹೋಗ್ತೀರಲ್ವಾ?"

"ಎಲ್ಲಿಗ್ರೀ? ಕೋಣೆ ಮೇಷ್ಟ್ರಿಗೆ ಕೊಟ್ಟಾಯ್ತಲ್ಲ! ಇಲ್ಲೇ ಇರ್ಲಿ ಬಿಡಿ," ಎಂದರು ಬೈರಯ್ಯ. "ಬೀರು ನೆನೆದಿದೆ, ಸ್ವಲ್ಪ ಒರೆಸಿಡಿ."