ಮೀಟರಿನಲ್ಲಿ ಸಿಕ್ಕ ಕಳ್ಳ

ಹದಿನೇಳು ಕಾರ್ಖಾನೆಗಳ ಕರೆಂಟ್ ಸೋರಿಕೆ ನಿಲ್ಲಿಸಿದ ಮಹಾನುಭಾವ ನಾನು! ವೃತ್ತಿಯಲ್ಲಿ ಇಂಧನ ಸಲಹೆಗಾರ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಬಾಯ್ಲರುಗಳೂ ಹೊಗೆ ನುಂಗಿಕೊಂಡು ನಿಲ್ಲುತ್ತವೆ ಎಂಬುದು ನಾನೇ ಹಬ್ಬಿಸಿದ ಮಾತು. ಇಂಥವನ ಮುಖಕ್ಕೆ ಆ ಭಾನುವಾರ ಹೆಂಡತಿ ಕರೆಂಟ್ ಬಿಲ್ ಹಿಡಿದಳು.

"ಊರಿಗೆಲ್ಲ ಸಲಹೆ ಕೊಡ್ತೀರಿ. ನಮ್ಮನೆ ಬಿಲ್ ಯಾಕೆ ಹೀಗೆ ಏರ್ತಿದೆ? ನಮ್ಮನ್ನ ಮಾತ್ರ ದೇವರೇ ಸಲಹಬೇಕಾ?"

ನನ್ನ ಸ್ವಾಭಿಮಾನ ಶಾರ್ಟ್ ಸರ್ಕ್ಯೂಟ್ ಆಯಿತು. "ಇವತ್ತು ಸೋರಿಕೆ ಹಿಡೀದಿದ್ರೆ ನಾನು ಸಲಹೆಗಾರನೇ ಅಲ್ಲ!" ಎಂದು ಗುಡುಗಿ ಮನೆಯ ಮೇನ್ ಸ್ವಿಚ್ ಆರಿಸಿಬಿಟ್ಟೆ.

"ಅಯ್ಯೋ, ಸಂಜೆ ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ! ಕೇಕ್ ಹಿಟ್ಟು ಕಲಸಿಟ್ಟಿದ್ದೀನಿ. ಓವನ್‌ಗೆ ಇಡಬೇಕು!"

"ತನಿಖೆ ಮುಗಿಯೋವರೆಗೂ ಒಂದು ಬಲ್ಬೂ ಉರಿಯೋ ಹಾಗಿಲ್ಲ!"

ಮೆಟ್ಟಿಲ ಬುಡದಲ್ಲಿ ನಮ್ಮದೂ ಮೇಲಿನ ಮನೆಯ ಲೆಕ್ಕದ ಟೀಚರದ್ದೂ ಮೀಟರುಗಳಿವೆ. ಅಲ್ಲಿ ಕುರ್ಚಿ ಹಾಕಿ ಕೂತೆ. ಕರೆಂಟ್ ಖರ್ಚಾದಷ್ಟೂ ಮೀಟರಿನ ಕೆಂಪು ದೀಪ ಮಿಣುಕುತ್ತದೆ. ಮೇನ್ ಆರಿಸಿದ ಮೇಲೆ ಅದು ತೆಪ್ಪಗಿರಬೇಕು. ಇದು ಮಿಣುಕಿತು! ನನ್ನನ್ನೇ ನೋಡಿ ಕಣ್ಣು ಹೊಡೆದ ಹಾಗೆ ಮತ್ತೆ ಮಿಣುಕಿತು!

ಅಂದರೆ ನಮ್ಮ ಲೈನಿನಿಂದ ಯಾರೋ ಕರೆಂಟ್ ಕದಿಯುತ್ತಿದ್ದಾರೆ! ವೈರಿನ ಜಾಡು ಹಿಡಿದು ಗೋಡೆಗುಂಟ ಅಂಬೆಗಾಲಿಟ್ಟೆ. ಗೋಡೆಗೆ ಕಿವಿ ಆನಿಸಿದೆ. ಹೂಕುಂಡಕ್ಕೆ ಹಣೆ ಚಚ್ಚಿಕೊಂಡೆ. ಕಳ್ಳನ ಸುಳಿವಿಲ್ಲ. ಆದರೆ ಬಿಡುವವನಲ್ಲ ನಾನು! ವಾಪಸ್ ಬಂದು ನೋಡುತ್ತೇನೆ, ದೀಪ ಹುಚ್ಚು ಹಿಡಿದಂತೆ ಪಟಪಟ ಮಿಣುಕುತ್ತಿದೆ. ಎಲಾ ಇವನ! ಮನೆಯ ಯಜಮಾನ ಕಾವಲಿರುವಾಗಲೇ ಇಷ್ಟು ಧೈರ್ಯವೇ? ಕೈಗವಸು ತೊಟ್ಟು ಆ ಮೀಟರಿನ ಫ್ಯೂಸನ್ನೇ ಕಿತ್ತುಬಿಟ್ಟೆ.

ದೀಪ ಸತ್ತಿತು.

"ಸಿಕ್ಕಿಬಿದ್ದ!" ಎಂದು ಕೂಗಿದೆ. "ಈಗ ಯಾರ ಮನೆಯಲ್ಲಿ ಕರೆಂಟ್ ಹೋಯ್ತೋ ಅವರೇ ಕಳ್ಳರು!"

ಮೇಲಿನ ಮನೆಯ ಬಾಗಿಲು ತೆರೆಯಿತು. ಲೆಕ್ಕದ ಟೀಚರ್ ಇಳಿದು ಬಂದರು. ಹಿಂದೆ ನನ್ನ ಹೆಂಡತಿ!

"ನಮ್ಮನೆ ಫ್ಯೂಸ್ ಯಾಕಪ್ಪಾ ಕಿತ್ತೆ?" ಎಂದರು ಟೀಚರ್.

"ನಿಮ್ಮದಾ? ಇದು... ನಮ್ಮ ಮೀಟರ್ ಅಲ್ವಾ?"

"ನಿಮ್ಮದು ಪಕ್ಕದ್ದು. ನೋಡು, ಎಷ್ಟು ಸಾಧುವಾಗಿ ನಿಂತಿದೆ. ಹತ್ತು ವರ್ಷದಿಂದ ಇಲ್ಲಿದ್ದೀಯ, ಎಡ ಬಲ ಗೊತ್ತಾಗಲ್ವಾ?"

ಎರಡೂ ಮೀಟರುಗಳನ್ನು ತಿರುತಿರುಗಿ ನೋಡಿದೆ. "ಮತ್ತೆ... ಆಗ ಅಷ್ಟು ಜೋರಾಗಿ ಮಿಣುಕಿದ್ದು?"

"ನಮ್ಮ ಕೇಕ್ ಕಣ್ರೀ!" ಎಂದಳು ಹೆಂಡತಿ. "ನೀವು ಮೇನ್ ಆರಿಸಿದ್ರಿ ಅಂತ ಟೀಚರ್ ಮನೆ ಓವನ್‌ನಲ್ಲಿ ಇಟ್ಟಿದ್ದೆ. ಹೂವಿನ ಹಾಗೆ ಉಬ್ಬಿತ್ತು. ಈಗ ಬಂದು ದರ್ಶನ ಮಾಡಿ!"

ಮಾಡಿದೆ. ನಡುವೆ ಕುಸಿದು, ಬಾವಿಯಂತೆ ಬಾಯಿ ತೆರೆದಿತ್ತು. ಫ್ಯೂಸ್ ಹಾಕಿ ಮತ್ತೆ ಬೇಯಿಸಿದರೂ ಅದು ಎದ್ದೇಳಲಿಲ್ಲ. ಒಳಗೆ ಹಿಟ್ಟು ಹಿಟ್ಟಾಗಿಯೇ ಉಳಿಯಿತು.

ಸಂಜೆ ನೆಂಟರೆಲ್ಲ ಸುತ್ತ ನಿಂತಿರಲು ಮಾವ ಚಾಕು ಇಳಿಸಿದರು. ಹಸಿ ಹಿಟ್ಟು ಅಂಟಿಕೊಂಡೇ ಮೇಲೆದ್ದಿತು. ಹೆಂಡತಿ ನನ್ನ ಪತ್ತೇದಾರಿಯನ್ನೆಲ್ಲ ಮೊದಲೇ ಅವರ ಕಿವಿಗೆ ಊದಿಯಾಗಿತ್ತು. ಮಾವ ಚಾಕುವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡ್ರಪ್ಪಾ, ಉಳಿತಾಯ ಅಂದ್ರೆ ಇದು! ಅರ್ಧ ಕರೆಂಟ್‌ನಲ್ಲೇ ಪೂರ್ತಿ ಕೇಕ್ ಮುಗಿಸಿದ್ದಾರೆ ನಮ್ಮ ಅಳಿಯಂದ್ರು!"