ಅವ್ವ ನಂಬಿದ ಘೋಷಣೆಗಳು

ಚುನಾವಣೆ ಬಂದಾಗಲೆಲ್ಲ ನಮ್ಮ ಸೇಡಂನ ಗೋಡೆಗಳು ಘೋಷಣೆ ಬಳಿದುಕೊಂಡು ಮಾತಾಡಲು ಶುರು ಮಾಡುತ್ತವೆ. ಕೊಡುವುದು ಯಾರಿಗೆ, ಯಾವಾಗ, ಎಷ್ಟು ಅನ್ನುವುದನ್ನು ಮಾತ್ರ ಯಾವ ಗೋಡೆಯೂ ಹೇಳುವುದಿಲ್ಲ. ನಾವು ಓದಿ ಮುಂದೆ ಹೋಗುತ್ತೇವೆ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ಹೀಗಾಗಿ ಯಾರು ಏನು ಕೂಗಿದರೂ ಪೂರ್ತಿ ನಂಬುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ: ತಾಂಡೂರಿಗೆ ಕೊಟ್ಟಿದ್ದ ನನ್ನ ಅಕ್ಕ ನಾಗರ ಪಂಚಮಿ ಹಬ್ಬಕ್ಕೆ ತವರಿಗೆ ಬರಬೇಕು. ಬೆಳಿಗ್ಗೆ ರೈಲಿನಲ್ಲಿ ಕೂತರೆ ಊಟದ ಹೊತ್ತಿಗೆ ಮುಟ್ಟುವ ದಾರಿ. ಅಕ್ಕನ ಅತ್ತೆ ಕಳಿಸಬೇಕಲ್ಲ.

೧. ಎಲ್ಲರೂ ಆಜಾದ್

ನಿಜಾಮರ ಕಾಲ ಮುಗಿದ ಹೊಸದರಲ್ಲಿ ಬಜಾರಿನ ತುಂಬ ಒಂದೇ ಕೂಗು, ‘ಇನ್ನು ಎಲ್ಲರೂ ಆಜಾದ್’. ಅವ್ವ ಕೇಳಿದ್ದೇ ತಡ, ತಾಂಡೂರಿಗೆ ಹೊರಟಿದ್ದ ಬಳೆಗಾರನ ಹತ್ತಿರ ಬೀಗತಿಗೆ, ಅಂದರೆ ಅಕ್ಕನ ಅತ್ತೆಗೆ, ಹೇಳಿ ಕಳಿಸಿದಳು: ಎಲ್ಲರೂ ಆಜಾದ್ ಅಂತ, ನನ್ನ ಮಗಳನ್ನ ಪಂಚಮಿಗೆ ಕಳಿಸಬೇಕು. ಬಳೆಗಾರ ವಾಪಸ್ ಬಂದು ಬೀಗತಿಯ ಜವಾಬು ಒಪ್ಪಿಸಿದ.

“ನಾನೂ ಆಜಾದ್ ಆಗೀನಿ. ಕಳಿಸೂದಿಲ್ಲ.”

೨. ನಿಮ್ಮ ಬೇಡಿಕೆಯೇ ನಮ್ಮ ಬೇಡಿಕೆ

ಪ್ರತಿ ವರ್ಷ ಪಂಚಮಿಯ ಹಿಂದಿನ ದಿನ ತಾಂಡೂರಿನ ರೈಲುಗಾಡಿ ಬರುವ ಹೊತ್ತಿಗೆ ಅವ್ವ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಇಳಿದವರೆಲ್ಲ ಓಣಿ ದಾಟಿ ಹೋಗುವ ತನಕ ಒಳಗೆ ಬರುತ್ತಿರಲಿಲ್ಲ. ಅಕ್ಕನ ಪಾಲಿನ ಹಬ್ಬದ ಉಂಡಿ ಡಬ್ಬಿಯಲ್ಲೇ ಕಲ್ಲಾಗುತ್ತಿದ್ದವು.

ಮೊದಲ ಚುನಾವಣೆಯಲ್ಲಿ ‘ನಿಮ್ಮ ಬೇಡಿಕೆಯೇ ನಮ್ಮ ಬೇಡಿಕೆ’ ಎಂದು ಕೂಗುತ್ತ ಉಮೇದುವಾರರ ಜೀಪು ಬಂತು. ಅವ್ವ ಅಡ್ಡ ನಿಂತು ತನ್ನ ಬೇಡಿಕೆ ಹೇಳಿದಳು. ಅವರು ಕೈಮುಗಿದು, ತಾಯಿ, ಇವತ್ತಿನಿಂದ ಅದು ನನ್ನದೂ ಬೇಡಿಕೆ, ಇಬ್ಬರೂ ಕೂಡಿ ಬೇಡೋಣು ಅಂದರು.

“ಯಾರನ್ನ ಬೇಡೂದ್ರಿ?” ಅಂದಳು ಅವ್ವ.

ಡ್ರೈವರ್ ಗಾಡಿ ಚಾಲೂ ಮಾಡಿದ.

೩. ನಮ್ಮವರೆಲ್ಲ ಒಂದು

ರಾಜ್ಯಗಳನ್ನು ಭಾಷೆಗೆ ತಕ್ಕಂತೆ ಹಂಚುವ ಕಾಲ ಬಂತು. ‘ನಮ್ಮವರೆಲ್ಲ ಒಂದಾಗೋಣ’ ಎಂದು ನಮ್ಮ ಶಾಲೆಯ ಮಾಸ್ತರರು ಮೆರವಣಿಗೆ ತೆಗೆದರು. ಅವ್ವನೂ ಸೆರಗು ಬಿಗಿದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಮುಗಿದ ಮೇಲೆ ಮಾಸ್ತರರನ್ನು ಹಿಡಿದು, ತಾಂಡೂರಿನವರು ಯಾವತ್ತು ಬರ್ತಾರ ಎಂದು ಕೇಳಿದಳು. ಸೇಡಂ ಮೈಸೂರಿಗೆ, ತಾಂಡೂರು ಆಂಧ್ರಕ್ಕೆ ಎಂದು ಅವರು ತಿಳಿಸಿ ಹೇಳಿದರು.

“ಮತ್ತ ನಮ್ಮವರಂದ್ರ ಯಾರ್ರಿ?”

ಮಾಸ್ತರರು, ಅದು ಸುಮ್ಮನೆ ಒಟ್ಟಾರೆ ಹೇಳುವ ಮಾತಮ್ಮ ಅಂದರು. ಅವ್ವ ಬಿಗಿದ ಸೆರಗು ಬಿಚ್ಚಿ ಮನೆಗೆ ನಡೆದಳು.

ಹೊಸ ರಾಜ್ಯವಾದ ದಿನ ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಮಧ್ಯಾಹ್ನದ ಗಾಡಿಯಿಂದ ಗಂಟು ಹೊತ್ತು ಬೀಗತಿಯೇ ಇಳಿದು ಬಂದಳು. ಹಿಂದೆ ಅಕ್ಕ. ಬೀಗತಿಯ ತವರು ಚಿತ್ತಾಪುರ. ನಡುವೆ ಗೆರೆ ಹಾಕಿದ ಮೇಲೆ ರೈಲು ಬಿಡುತ್ತಾರೋ ಇಲ್ಲವೋ ಎಂದು ಹೆದರಿ, ತವರನ್ನೊಮ್ಮೆ ನೋಡಲು ಹೊರಟವಳು ಜೊತೆಗಿರಲಿ ಎಂದು ಸೊಸೆಯನ್ನೂ ಹೊರಡಿಸಿಕೊಂಡು ಬಂದಿದ್ದಳು. ದಾರಿಯಲ್ಲಿ ಸೇಡಂ ಬಂತಲ್ಲ, ಇಳಿದರು. ಬೀಗತಿ ಕಣ್ಣೊರೆಸಿಕೊಳ್ಳುತ್ತ, “ತವರು ಅಂದ್ರ ಜೀವ ಎಷ್ಟು ಎಳೀತದ, ನಿಮಗೇನ್ ಗೊತ್ತ್ರಿ ಬೀಗತಿ” ಅಂದಳು. ಅಕ್ಕ ನನ್ನ ಕೈ ಚಿವುಟಿದಳು.

ಅವ್ವ ಅಕ್ಕನ ತಲೆಗೆ ಎಣ್ಣೆ ಒತ್ತುತ್ತಿದ್ದಾಗ ಮಾಸ್ತರರು ಸಕ್ಕರೆ ಹಿಡಿದು ಬಾಗಿಲಿಗೆ ಬಂದರು. ಅವ್ವ ಒತ್ತುವ ಕೈ ನಿಲ್ಲಿಸದೆ ಅಂದಳು:

“ಮಾಸ್ತರ್, ಒಂದು ಮಾಡ್ತೀವಿ ಅಂದಾಗ ಒಬ್ಬರೂ ಬರಲಿಲ್ಲ. ಬ್ಯಾರೆ ಮಾಡಿದ ಕೂಡಲೆ ಇಬ್ಬರೂ ಬಂದ್ರು ನೋಡ್ರಿ. ವರ್ಷಾ ಪಂಚಮಿಗೊಮ್ಮೆ ಹಿಂಗ ಬ್ಯಾರೆ ಮಾಡ್ರಿ.”