ಬೆಣ್ಣೆ ದನಿಯ ಕಳ್ಳಿ

ಬೇರೇನೂ ಬರದಿದ್ದರೂ ಕೇಳಿಸಿಕೊಳ್ಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಇಸ್ಕೂಲಿನಲ್ಲಿ ಕೂತದ್ದು ಕಡಿಮೆ, ಕಲಿತದ್ದೆಲ್ಲ ಕಿವಿಯಿಂದಲೇ. ಸೊಸೆ ಭಾನುಪ್ರಿಯ ಹಾರೋಹಳ್ಳಿ ಫ್ಯಾಕ್ಟರಿಗೆ ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದನ್ನೂ ಹಾಗೇ ಕೇಳಿಸಿಕೊಂಡೆ.

“ಅತ್ತೆ, ಗೊತ್ತಿಲ್ದಿರೋ ನಂಬರಿಂದ ಫೋನ್ ಬಂದ್ರೆ ಹುಷಾರು. ಕರೆಂಟು ಅಂತಾರೆ, ಒಂದೊತ್ತಿ ಎರಡೊತ್ತಿ ಅಂತಾರೆ. ಒತ್ತುದ್ರೋ, ಬ್ಯಾಂಕಲ್ಲಿರೋದೆಲ್ಲ ಗೋತಾ!”

ಅವತ್ತಿನಿಂದ ನನ್ನ ನಿದ್ದೆ ಗೋತಾ. ಫೋನು ಸೊಂಟದಲ್ಲಿದ್ದರೆ ಚೇಳು ಸಿಕ್ಕಿಸಿಕೊಂಡ ಹಾಗೆ. (ತೆಗೆದಿಡೋಣವೆಂದರೆ, ನಾನಿಲ್ಲದಾಗ ಅದು ತಾನೇ ಏನಾದರೂ ಒತ್ತಿಕೊಂಡರೆ?)

ಹೆದರಿದ್ದಂತೆಯೇ ಒಂದು ಮಧ್ಯಾಹ್ನ ಫೋನಿನಲ್ಲಿ ಅವಳು ಬಂದೇಬಿಟ್ಟಳು. ಬೆಣ್ಣೆಯಂಥ ದನಿ.

“ನಮಸ್ಕಾರ. ಕರೆಂಟ್ ಬಂದಿದೆ. ಒಂದನ್ನು ಒತ್ತಿ...”

“ನಿನ್ ಕತ್ತು ಒತ್ತೀನಿ ಕಣೇ!” ಎಂದು ಕಟ್ ಮಾಡಿದೆ. ಮಾರನೆಯ ದಿನವೂ ಬಂದಳು. “ನಿನ್ ಗಂಟ್ಲು ಒಣಗೋಗ!” ಎಂದು ಘನಘೋರ ಶಾಪವಿತ್ತೆ. ಮಾನಗೆಟ್ಟವಳು, ಮತ್ತೂ ಬಂದಳು.

ತೋಟದಾಚೆಯ ಮನೆಯ ಅಂಬುಜಮ್ಮನಿಗೆ ಈ ಪರಾಕ್ರಮ ವರ್ಣಿಸಿದೆ. “ಅಯ್ಯೋ ಅಕ್ಕಾ, ನಂಗೂ ಮಾಡ್ತಾವ್ಳೆ ಆ ಮೂದೇವಿ!” ಎಂದು ಬಾಯಿ ಬಡಿದುಕೊಂಡಳು. ಪಾಪ, ಅವಳಿಗೂ ಬೈಗುಳ ಹೇಳಿಕೊಟ್ಟೆ.

ಇತ್ತ ಮನೆಯಲ್ಲಿ ಬೇರೆಯೇ ಸಂಕಟ. ರೇಷ್ಮೆಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. (ಗಾಬರಿ ಬೇಡ, ಪೊರೆ ಬಿಡಲು ಅವು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ.) ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವು ಅದು. ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ. ತೋಟದಲ್ಲಿ ನೋಡಿದರೆ ನೀರಿಲ್ಲದೆ ಹಿಪ್ಪುನೇರಳೆ ಜೋತುಬಿದ್ದಿದೆ. ಬಾಡಿದ ಸೊಪ್ಪಿಗೆ ಹುಳ ಬಾಯಿ ಹಾಕುವುದಿಲ್ಲ. ಮಕ್ಕಳ ಹಾಗೆ ಸಾಕಿದವು ಉಪವಾಸ ಸಾಯುತ್ತವೆಯಲ್ಲ ಎಂದು ನನಗೂ ಅನ್ನ ಸೇರಲಿಲ್ಲ.

“ಮೋಟ್ರಿಗೆ ಹೊಸಾ ಸ್ಟಾರ್ಟರ್ ಡಬ್ಬಿ ಹಾಕ್ಸಿ ಕೆಟ್ಟೆ ಕಣೇ,” ಎಂದು ನಮ್ಮ ಯಜಮಾನರು ತಲೆಯ ಮೇಲೆ ಕೈ ಹೊತ್ತರು. “ಹಳೇ ಸ್ವಿಚ್ಚೂ ಕಿತ್ತಾಕ್ಬುಟ್ಟ. ತೋಟಕ್ಕೆ ಹೋಗಂಗೇ ಇಲ್ಲ, ಮೋಟ್ರು ಓಡ್ತದೆ ಅಂದಿದ್ದ ಆ ಯೋಗಾನಂದ. ಕೆಂಗಲ್ ಆಂಜನೇಯನಾಣೆ, ಅವುನ್ನ ಬುಡಕಿಲ್ಲ!”

“ಬೈಬೇಡಿ. ಮೊದ್ಲು ಕರ್ಸಿ,” ಎಂದೆ. ತಾಳ್ಮೆ ನನ್ನ ಹುಟ್ಟುಗುಣ.

ಮೆಕ್ಯಾನಿಕ್ ಯೋಗಾನಂದ ಬಂದ. ಬೋರ್‌ವೆಲ್ ಪಕ್ಕದ ಡಬ್ಬಿ ಬಿಚ್ಚಿ ಏನೋ ಕೆದಕಿದ. ಅಷ್ಟರಲ್ಲಿ ನನ್ನ ಸೊಂಟದಲ್ಲಿ ಫೋನು ಬಡಿದುಕೊಂಡಿತು. ಗಂಡಸರಿಬ್ಬರ ಮುಂದೆ ಧೈರ್ಯ ಉಕ್ಕಿತು.

“ಬಂದ್ಲು ನೋಡಪ್ಪ ಕಳ್ಳಿ! ಏನೇ, ಇನ್ನೂ ಒಣಗಿಲ್ವಾ ನಿನ್ ಗಂಟ್ಲು?”

“ಅಮ್ಮೋ, ಸಾಪ ಹಾಕ್ಬೇಡಿ!” ಯೋಗಾನಂದನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. “ಅದು ನಿಮ್ ಬೋರ್‌ವೆಲ್ಲು!”

ಕರೆಂಟು ಬಂದ ಕೂಡಲೇ ಡಬ್ಬಿಯೇ ಫೋನು ಮಾಡುತ್ತದಂತೆ. ಒಂದು ಒತ್ತಿದರೆ ಮೋಟಾರ್ ಓಡುತ್ತದಂತೆ. ಯಜಮಾನರು ನನ್ನ ನಂಬರು ಕೊಟ್ಟಿದ್ದರಂತೆ.

“ನಂಗೊಂದು ಮಾತು ಹೇಳ್ಬಾರ್ದಾ?” ಎಂದು ಅವರ ಮೇಲೆ ಎಗರಿದೆ.

“ಡಬ್ಬಿ ಹಾಕ್ದಾಗ ನಿಮ್ಗೇ ಹೇಳ್ದೆನಲ್ಲಮ್ಮಾ,” ಎಂದ ಯೋಗಾನಂದ. “ಮಜ್ಜಿಗೆ ಕೊಡ್ತಾ ಹೂಂ ಹೂಂ ಅಂದ್ರಿ!”

ಯಜಮಾನರು ಕೆಮ್ಮಿದರು. (ನಗುವನ್ನು ಅವರು ಯಾವಾಗಲೂ ಕೆಮ್ಮಿನಲ್ಲಿ ಮುಚ್ಚುತ್ತಾರೆ.)

ಅವಳು ಇನ್ನೂ ಫೋನಿನಲ್ಲೇ ಇದ್ದಳು. ದೇವರನ್ನು ನೆನೆದು ಒಂದು ಒತ್ತಿದೆ. ಪೈಪು ಗೊರಗೊರ ಎಂದು, ಕೆಸರು ಕಾರಿ, ಬಳಬಳ ನೀರು ಸುರಿಯಿತು. ಹುಳ ಬದುಕಿದವು ಎಂದು ಉಸಿರು ಬಿಟ್ಟೆ.

“ಬತ್ತೀನಮ್ಮ. ಅಂಬುಜಮ್ಮೋರಿಗೂ ಇದೇ ಡಬ್ಬಿ ಹಾಕಿದ್ದೆ, ಅದೂ ಕೆಟ್ಟೋಗೈತಂತೆ,” ಎಂದ ಯೋಗಾನಂದ.

ನಾನು ಹೇಳಿಕೊಟ್ಟ ಬೈಗುಳ ನೆನಪಾಯಿತು. “ಮಜ್ಜಿಗೆ ಕುಡ್ಕಂಡು ನಿಧಾನಕ್ಕೆ ಹೋಗಪ್ಪ!” ಎಂದವಳೇ ಸೆರಗು ಬಿಗಿದು ಬದುವಿನ ಮೇಲೆ ಓಡಿದೆ.

ಅಂಬುಜಮ್ಮ ಜಗಲಿಯ ಮೇಲೆ ಕೂತು ಫೋನು ಎತ್ತಿ ತೋರಿಸಿದಳು, ಹುಲಿ ಹೊಡೆದವಳ ಹಾಗೆ.

“ಈಗಿನ್ನೂ ಬಂದಿದ್ಲು ಕಣಕ್ಕಾ! ನೀವು ಹೇಳ್ಕೊಟ್ಟಂಗೇ ಬೈದೆ. ಬೈದೂ ಬೈದೂ ನನ್ ಗಂಟ್ಲೇ ಒಣಗೋಯ್ತು. ನಿಮ್ಮನೇಲಿ ಒಸಿ ನೀರಿದ್ರೆ ಕೊಡಿ. ನಮ್ ಬೋರ್‌ವೆಲ್ಲು ಯಾಕೋ ಮುನಿಸ್ಕಂಡೈತೆ.”